ಭತ್ತಾ ಕೇಳಿದ ನಾಲ್ವರು

ದೆವ್ವಗಳ ಬಗ್ಗೆ ನಾನು ಕೇಳಿದ ಕಥೆಗಳಲ್ಲೆಲ್ಲ ಒಂದು ದೊಡ್ಡ ಕೊರತೆಯಿದೆ. ಅವುಗಳ ಖರ್ಚನ್ನು ಯಾರು ನೋಡಿಕೊಳ್ಳುತ್ತಾರೆಂದು ಯಾರೂ ಹೇಳುವುದಿಲ್ಲ. ದೆವ್ವ ಬಂತು, ಬಾಗಿಲು ಕಿರುಗುಟ್ಟಿತು, ದೀಪ ಆರಿತು, ಮುಗಿಯಿತು. ಹೀಗೆ ಬಿಟ್ಟಿ ಬಂದು ಬಿಟ್ಟಿ ಹೋಗುವ ದೆವ್ವಗಳನ್ನು ಪಡೆದವರು ಪುಣ್ಯವಂತರು. ಎಪ್ಪತ್ತರ ದಶಕದ ಕೊನೆಯಲ್ಲಿ ಗದಗಿನ ನಮ್ಮ ಮನೆಗೆ ನಾಲ್ಕು ಮಂದಿ ಬರುತ್ತಿದ್ದರು. ಅವರಿಗೆ ಚಹಾ ಬೇಕು, ಹೋಗಿಬರುವ ಗಾಡಿಖರ್ಚು ಬೇಕು, ಅದರ ಮೇಲೆ ದಿನದ ಭತ್ತಾ ಬೇಕು. ನಾನೋ ಹತ್ತಿ ಮಾರುಕಟ್ಟೆಯ ಕಚೇರಿಯ ಗುಮಾಸ್ತ. ಬದುಕಿರುವ ನನ್ನ ಪ್ರವಾಸ ಭತ್ತಾ ಮಂಜೂರಾಗುವುದೇ ಕಷ್ಟವಾಗಿದ್ದಾಗ, ಸತ್ತವರದನ್ನು ತಡವಿಲ್ಲದೆ ಪಾವತಿ ಮಾಡಬೇಕಾಗಿತ್ತು.

ಅವರನ್ನು ಮನೆಗೆ ಕರೆತಂದವರು ನಮ್ಮ ದೊಡ್ಡಪ್ಪ. ಅವರ ಹೊಲ ಮಲ್ಲಸಮುದ್ರದಲ್ಲಿ, ಇರುವುದು ನಮ್ಮಲ್ಲಿ. ನನಗೂ ತಂಗಿ ಶಾಂತಾಳಿಗೂ ತಂದೆತಾಯಿ ಇಲ್ಲದ ಮೇಲೆ ಅವರೇ ಹಿರಿಯರು. ಹರೆಯದಲ್ಲಿ ಅವರು ಧಾರವಾಡದ ಕೋರ್ಟಿನಲ್ಲಿ ಜೂರಿಯಾಗಿದ್ದವರು. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆಗ ದೊಡ್ಡ ಖಟ್ಲೆಗಳಲ್ಲಿ ಊರೂರಿನ ಐದು ಮಂದಿ ಮರ್ಯಾದಸ್ಥರನ್ನು ಕರೆಸಿ ನ್ಯಾಯಾಧೀಶರ ಪಕ್ಕಕ್ಕೆ ಕೂರಿಸುತ್ತಿದ್ದರು. ಎಲ್ಲವನ್ನೂ ಕೇಳಿ, ಒಳಗೆ ಹೋಗಿ ಮಾತಾಡಿ, ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಅವರು ಹೇಳಬೇಕು. ಆ ಪದ್ಧತಿ ರದ್ದಾಗಿ ಎಷ್ಟೋ ಕಾಲವಾಗಿತ್ತು. ಆದರೆ ಸರಕಾರ ಅದನ್ನು ನಮ್ಮ ದೊಡ್ಡಪ್ಪನಿಗೆ ಪ್ರತ್ಯೇಕವಾಗಿ ತಿಳಿಸಿರಲಿಲ್ಲ.

ಅವರ ಜೊತೆಗೆ ಕೂತಿದ್ದ ನಾಲ್ವರೆಂದರೆ ಗದಗಿನ ಒಬ್ಬ ಹತ್ತಿ ದಲಾಲರು, ಬೆಟಗೇರಿಯ ಮಗ್ಗದ ಯಜಮಾನರು, ಮುಂಡರಗಿ ಕಡೆಯ ಪಾಟೀಲರು ಮತ್ತು ಪೆನ್ಶನ್ ಆದ ಒಬ್ಬ ಮಾಸ್ತರರು. ನಾಲ್ವರೂ ಕಾಲಕಾಲಕ್ಕೆ ಸರಿಯಾಗಿ ತೀರಿಕೊಂಡಿದ್ದರು. ಆದರೂ ಮನೆಯಲ್ಲಿ ಏನಾದರೂ ನಿರ್ಧಾರವಾಗಬೇಕಾದರೆ ದೊಡ್ಡಪ್ಪ ಒಬ್ಬರೇ ಬಾಯಿ ಬಿಡುವವರಲ್ಲ. ಮುಸ್ಸಂಜೆ ಪಡಸಾಲೆಯಲ್ಲಿ ನಾಲ್ಕು ಬೆತ್ತದ ಕುರ್ಚಿ ಹಾಕಿಸಿ, ಎದುರಿಗೆ ತಾವು ಕೂತು, ಲೈಟು ಹಾಕಗೊಡದೆ ಗುಸುಗುಸು ಮಾತಾಡುತ್ತಿದ್ದರು. ಹೊಲಕ್ಕೆ ಜೋಳವೋ ಕುಸುಬಿಯೋ, ಮನೆಗೆ ಕುಕ್ಕರು ಬೇಕೋ ಬೇಡವೋ, ಎಲ್ಲಕ್ಕೂ ಐವರ ವಿಚಾರಣೆ. ಕುಕ್ಕರಿನ ಖಟ್ಲೆ ಮೂರು ಸಂಜೆ ನಡೆದು, ಅದು ಸೀಟಿ ಹೊಡೆಯುವುದು ಸಭ್ಯತೆಯಲ್ಲವೆಂದು ವಜಾ ಆಯಿತು.

ನನ್ನ ಹೆಂಡತಿ ಗಿರಿಜೆ ಇದನ್ನೆಲ್ಲ ಮುದುಕರ ಹುಚ್ಚು ಎನ್ನುತ್ತಿದ್ದಳು. ಗೋಡೆಯ ಗೂಡಿನಲ್ಲಿ ಸಂಜೆ ಇಟ್ಟ ಭತ್ತಾದ ಚಿಲ್ಲರೆ ಬೆಳಿಗ್ಗೆ ಇರುತ್ತಿರಲಿಲ್ಲ. ಅದು ದೊಡ್ಡಪ್ಪ ಮೂಗಿಗೇರಿಸುವ ತಪಕೀರಿಗೆ ಹೋಗುತ್ತದೆ ಎಂಬುದು ಅವಳ ಗುಮಾನಿ. ನನ್ನದೂ ಅದೇ. ಆದರೆ ದಲಾಲರಿಗೆ ಸಕ್ಕರೆ ಕಾಯಿಲೆ ಇತ್ತೆಂದು ದೊಡ್ಡಪ್ಪ ಎಷ್ಟು ಹೇಳಿದರೂ ಒಂದು ಸಂಜೆ ಅವಳು ಬೇಕೆಂದೇ ನಾಲ್ಕು ಕಪ್ಪಿಗೂ ಸಕ್ಕರೆ ಹಾಕಿದಳು. ತಿರುಗಿ ನೋಡಿದಾಗ ಮೂರು ಕಪ್ಪು ಇಟ್ಟಲ್ಲೇ ಇದ್ದವು. ನಾಲ್ಕನೆಯದು ಕುರ್ಚಿಯಿಂದ ಒಂದು ಮಾರು ದೂರ, ನೆಲದ ಮೇಲೆ, ಯಾರೋ ಮೆಲ್ಲಗೆ ಸರಿಸಿದಂತೆ ಕೂತಿತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ. ಅಂದಿನಿಂದ ಗಿರಿಜೆ ಹುಚ್ಚು ಎನ್ನುವುದನ್ನು ಬಿಟ್ಟಳು. ಸಕ್ಕರೆಯ ಡಬ್ಬಿಯನ್ನೂ ಮೇಲಿನ ಹಲಗೆಗೆ ಏರಿಸಿದಳು.

ನನ್ನ ಜಗಳವೆಲ್ಲ ದರದ ಮೇಲೆ. ಮೊದಮೊದಲು ದೊಡ್ಡಪ್ಪ ಹಳೆಯ ದರವನ್ನೇ ಹಿಡಿದಿದ್ದರು. ಎತ್ತಿನ ಗಾಡಿಗೆ ಮೈಲಿಗೆ ಇಷ್ಟು ಆಣೆ, ರೈಲಿಗೆ ಟಿಕೀಟಿನ ದುಡ್ಡು, ಊಟಕ್ಕೆ ಇಷ್ಟು. ನಾನು ಸಂತೋಷದಿಂದ ಕೊಟ್ಟೆ. ಆಮೇಲೆ ಆಣೆ ಚಲಾವಣೆಯಲ್ಲಿಲ್ಲ ಎಂಬುದು ಆ ನಾಲ್ವರಿಗೆ ಯಾರಿಂದಲೋ ತಿಳಿಯಿತು. ಮೈಲಿ ಹೋಗಿ ಕಿಲೋಮೀಟರು ಬಂತು, ಗಾಡಿ ಹೋಗಿ ಬಸ್ಸು ಬಂತು. ಡೀಸೆಲ್ ತುಟ್ಟಿಯಾದಾಗಲೆಲ್ಲ ಪಡಸಾಲೆಯಿಂದ ಹೊಸ ಬೇಡಿಕೆ. ಒಮ್ಮೆ ನನಗೆ ರೇಗಿತು.

“ದೊಡ್ಡಪ್ಪಾ, ಪಾಟೀಲರು ಈಗ ಮುಂಡರಗಿಯಿಂದ ಬರತಾರೇನು? ಖರೆ ಹೇಳ್ರಿ, ಎಲ್ಲಿಂದ ಬರತಾರ?”

ದೊಡ್ಡಪ್ಪ ಖಾಲಿ ಕುರ್ಚಿಯ ಕಡೆ ಸಂಕೋಚದಿಂದ ನೋಡಿ, ನನ್ನ ಕಡೆ ಬಾಗಿ ಹೇಳಿದರು: “ಸಾವಕಾಶ ಮಾತಾಡ್ಲೇ ಬಸ್ಯಾ. ಅವರು ಮುಂಡರಗಿ ಲೆಕ್ಕ ಹಿಡದದ್ದು ನಿನ್ನ ಮ್ಯಾಲಿನ ದಯಾದಿಂದ. ಬರೂ ಹಾದಿ ಖರೇನ ಅಳದ್ರ ನಿನ್ನ ಪಗಾರ ಸಾಲೂದಿಲ್ಲ.”

ನಾನು ಅಂದೇ ಹೊಸ ದರವನ್ನು ಮಂಜೂರು ಮಾಡಿದೆ.

ಹೀಗೆ ಚಿಲ್ಲರೆಯಲ್ಲಿ ನಡೆಯುತ್ತಿದ್ದುದು ಶಾಂತಾಳ ವಿಷಯದಲ್ಲಿ ಕುತ್ತಿಗೆಗೆ ಬಂತು. ಅವಳಿಗೆ ಶಿರಹಟ್ಟಿಯ ಒಂದು ಶಾಲೆಯಲ್ಲಿ ನೌಕರಿಯ ಆರ್ಡರು ಬಂದಿತು. ಸೋಮವಾರ ಹಾಜರಾಗದಿದ್ದರೆ ಮುಂದಿನವರಿಗೆ ಹೋಗುತ್ತದೆ. ಮನೆತನದಲ್ಲಿ ಅದುವರೆಗೆ ಹೆಣ್ಣುಮಗಳೊಬ್ಬಳು ಬೇರೆ ಊರಿನಲ್ಲಿ ಖೋಲಿ ಹಿಡಿದು ಒಬ್ಬಳೇ ಇದ್ದದ್ದಿಲ್ಲ. ಆದರೆ ಎರಡು ವರ್ಷ ಅರ್ಜಿ ಹಾಕಿ ಹಾಕಿ ಸೋತಿದ್ದ ಹುಡುಗಿಗೆ ಇದು ತಪ್ಪಿದರೆ ಇನ್ನೊಂದು ಸಿಗುವ ಭರವಸೆ ಇರಲಿಲ್ಲ. ನೀವೇ ಹೇಳಿ ಎಂದು ಅವಳು ನನ್ನನ್ನು ಕೇಳಿದಳು. ನಾನು ಗಂಟಲು ಸರಿಪಡಿಸಿಕೊಂಡು, “ಹಿರಿಯರು ಅದಾರ, ಅವರು ವಿಚಾರ ಮಾಡ್ಲಿ” ಎಂದೆ. ಇಂಥ ಹೊತ್ತಿನಲ್ಲಿ ಮನೆಯಲ್ಲಿ ಹಿರಿಯರಿರುವುದು, ಅದರಲ್ಲೂ ಐವರಿರುವುದು, ಎಷ್ಟು ಅನುಕೂಲವೆಂಬುದು ಅನುಭವಿಸಿದವರಿಗೇ ಗೊತ್ತು.

ಗುರುವಾರ ಸಂಜೆ ಕೂತರು, ತೀರ್ಪಿಲ್ಲ. ಶುಕ್ರವಾರವೂ ಇಲ್ಲ. ಶನಿವಾರ ಶಾಂತಾ ಅಡುಗೆಮನೆಯಲ್ಲಿ ಊಟ ಬಿಟ್ಟು ಕೂತಳು. ಗಿರಿಜೆ ನನ್ನನ್ನು ಪಡಸಾಲೆಗೆ ದೂಡಿದಳು: “ನಿಮ್ಮ ಪಂಚರಿಗೆ ಹೇಳ್ರಿ, ಸೋಮವಾರ ಮುಂಜಾನೆ ಬಸ್ಸು ಐತಿ. ಕುಕ್ಕರ್ ಅಲ್ಲ ಇದು, ಹುಡುಗಿ ಬಾಳ್ವೆ.”

ನಾನು ಹಾಗೆಯೇ ಹೇಳಿದೆ.

“ಅವಸರ ಮಾಡೂದಿಲ್ಲಪಾ,” ಎಂದರು ದೊಡ್ಡಪ್ಪ. “ಒಮ್ಮೆ ಮಾಡೀವಿ.”

ಆಗ ಹೇಳಿದರು. ಶಿಗ್ಲಿ ಕಡೆಯ ಒಬ್ಬ ಕೂಲಿಯವನ ಮೇಲೆ ಬಣವಿಗೆ ಬೆಂಕಿ ಇಟ್ಟ ಆರೋಪವಂತೆ. ಹೊಟ್ಟು, ಮೇವಿನ ಜೊತೆಗೆ ಬಣವಿಯ ಮಗ್ಗುಲಲ್ಲಿ ಮಲಗಿದ್ದ ಒಬ್ಬ ಮುದುಕನೂ ಸುಟ್ಟುಹೋಗಿದ್ದ. ಸಾಕ್ಷಿ ಗಟ್ಟಿ ಇರಲಿಲ್ಲ. ಕೂತು ಮಾತಾಡಬೇಕಾಗಿತ್ತು. “ಆದ್ರ ರಾತ್ರಿ ನಿಂತ್ರ ಸರಕಾರ ಕೊಡೂ ಭತ್ತಾದಾಗ ಖಾನಾವಳಿ ಊಟಾನೂ ಆಗ್ತಿದ್ದಿಲ್ಲ. ದಲಾಲರು ಗಡಿಯಾರ ನೋಡಿದರು. ಪಾಟೀಲರು ಎತ್ತಿನ ಗಾಡಿ ಗದಗ ಸ್ಟೇಶನ್ನಾಗ ನಿಲ್ಲಿಸಿ ಬಂದಿದ್ರು. ಸಂಜೀ ರೈಲು ಹಿಡೀಬೇಕಿತ್ತು. ಐದೂ ಮಂದಿ ‘ಹೌದು’ ಅಂದಿವಿ. ರೈಲು ಸಿಕ್ಕಿತು.”

“ಅವ?”

“ಜೇಲಿನಾಗ ಸತ್ತ. ಆಮ್ಯಾಲ ಖರೇ ಮಾಡಿದವ ಸಿಕ್ಕ.”

ಪಡಸಾಲೆಯಲ್ಲಿ ಗಾಳಿ ಇರಲಿಲ್ಲ. ಆದರೂ ನಾಲ್ಕು ಬೆತ್ತದ ಕುರ್ಚಿಗಳು ಒಂದಾದ ಮೇಲೊಂದು ಕಿರ್ರೆಂದವು. ಕೂತವರು ಮಾತು ತಪ್ಪಿಸಲು ಮಗ್ಗುಲು ಬದಲಿಸುವಾಗ ಆಗುವಂತೆ.

“ಅದಕ್ಕಽ ಬರತಾರ,” ಎಂದರು ದೊಡ್ಡಪ್ಪ. “ಈಗ ರೈಲಿನ ಅವಸರ ಇಲ್ಲ ಯಾರಿಗೂ. ಅವನೂ ಬರತಾನ.”

“ಯಾರು?”

“ಅವನಽ. ಬಾಗಲಾ ಹಿಡಕೊಂಡು ನಿಂದರತಾನ. ಏನೂ ಕೇಳೂದಿಲ್ಲ. ಆರೋಪಿಗೆ ಭತ್ತಾ ಇರೂದಿಲ್ಲಲಾ.”

ನಾನು ನಿಂತಿದ್ದು ಬಾಗಿಲಲ್ಲಿ. ಎಡಗೈ ಮೊಳಕೈವರೆಗೆ ತಣ್ಣಗಾದಂತಾಯಿತು. ಕಚೇರಿಯ ಗುಮಾಸ್ತನ ಘನತೆಯನ್ನು ಕಾಪಾಡಿಕೊಂಡು, ಓಡದೆ, ಆದರೆ ಬಹಳ ದೊಡ್ಡ ಹೆಜ್ಜೆ ಹಾಕಿ ಅಡುಗೆಮನೆ ಸೇರಿದೆ. ಕಂಡದ್ದನ್ನು, ಕೇಳಿದ್ದನ್ನು ಇಬ್ಬರಿಗೂ ಹೇಳಿದೆ. ಗಿರಿಜೆ ಬಾಗಿಲ ಅಗಳಿ ಹಾಕಿದಳು. ಶಾಂತಾ ಮಾತ್ರ ಏನನ್ನೋ ಲೆಕ್ಕ ಹಾಕುತ್ತ ಕೂತಳು.

ಭಾನುವಾರ ಸಂಜೆ ಮತ್ತೆ ವಿಚಾರಣೆ. ಶಾಂತಾ ಕರೆಯದೆಯೇ ಪಡಸಾಲೆಗೆ ಹೋಗಿ ದೊಡ್ಡಪ್ಪನ ಎದುರು ನಿಂತಳು. ಅವಳ ಹಿಂದೆ ನಾನು, ನನ್ನ ಹಿಂದೆ ಗಿರಿಜೆ.

“ಏನಂತಾರ ದೊಡ್ಡಪ್ಪಾ?”

“ಇಬ್ಬರು ಹೋಗಲಿ ಅಂತಾರವ್ವಾ. ಇಬ್ಬರು ಬ್ಯಾಡ ಅಂತಾರ. ನನ್ನ ಮ್ಯಾಲ ಬಂದೈತಿ. ನನಗ ಹೇಳಾಕ ಆಗವಲ್ದು. ನಿನಗೇನರ ಆದ್ರ?”

“ಅವ ಏನಂತಾನ?”

“ಯಾರವ್ವಾ?”

“ಬಾಗಲದಾಗ ನಿಂತಾನಲಾ, ಅವ. ಆಗ ನೀವು ಐದು ಮಂದಿ ಮಾತಾಡಿದ್ರಿ, ಅವನ್ನ ಕೇಳಲಿಲ್ಲ. ಈಗರ ಕೇಳ್ರಿ.”

ದೊಡ್ಡಪ್ಪ ಬಾಗಿಲ ಕಡೆ ತಿರುಗಿದರು. ನಾವೂ ತಿರುಗಿದೆವು. ಹೊರಗಿನ ಕೊನೆಯ ಬೆಳಕು ಹೊಸ್ತಿಲ ಮೇಲೆ ಬಿದ್ದಿತ್ತು, ಮತ್ತು ಅಲ್ಲಿ ಏನೂ ಇರಲಿಲ್ಲ. ಆದರೆ ಆ ಬೆಳಕಿನಲ್ಲಿ ಒಂದು ಆಳಿನಷ್ಟು ಅಗಲ ಮಾತ್ರ ಕಡಿಮೆಯಾಗಿತ್ತು. ದೊಡ್ಡಪ್ಪನ ತುಟಿಗಳು ಅಲುಗಿದವು. ಏನು ಕೇಳಿದರೋ ನಮಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರ ಗಲ್ಲದ ಮೇಲೆ ನೀರು ಇಳಿಯಿತು.

“ಬಾಗಲಾ ತಗದಿರೂ ಹೊತ್ತಿನಾಗ ಹೋಗಿಬಿಡು ಅಂತಾನ,” ಎಂದರು. ಆಮೇಲೆ, ಎಂದೂ ಇಲ್ಲದ ಗಟ್ಟಿ ದನಿಯಲ್ಲಿ, “ನಾನೂ ಅದನ್ನಽ ಅಂತೀನಿ. ಹೋಗು ಶಾಂತಾ.”

ಆ ನಾಲ್ವರು ಏನೆಂದರೋ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

“ಲೇ ಬಸ್ಯಾ, ಅವಗೊಂದು ಕುರ್ಚಿ ಹಾಕು,” ಎಂದರು ದೊಡ್ಡಪ್ಪ.

ಮನೆಯಲ್ಲಿ ಉಳಿದಿದ್ದುದು ನನ್ನದೊಂದೇ, ಮಡಿಚುವ ಕಬ್ಬಿಣದ ಕುರ್ಚಿ. ತಂದು ಬಿಚ್ಚಿ ಇಟ್ಟೆ. ಅದು ಕಿರ್ರೆನ್ನಲಿಲ್ಲ. ಮೈತೂಕವೇ ಇಲ್ಲದವರು ಕೂತಂತೆ ಸುಮ್ಮನಿತ್ತು.

ಶಾಂತಾ ಮರುದಿನದ ಬಸ್ಸಿಗೆ ಶಿರಹಟ್ಟಿಗೆ ಹೋದಳು, ಚೆನ್ನಾಗಿಯೂ ಇದ್ದಾಳೆ. ದೊಡ್ಡಪ್ಪ ಆ ಮೇಲೆ ಒಮ್ಮೆಯೂ ಯಾರನ್ನೂ ಕರೆಸಲಿಲ್ಲ. ತಮ್ಮ ಮನಸ್ಸಿಗೆ ಬಂದದ್ದನ್ನು ತಾವೇ ಹೇಳಿ, ಎರಡು ವರ್ಷ ನೆಮ್ಮದಿಯಿಂದ ಬದುಕಿ ತೀರಿಕೊಂಡರು. ಕಬ್ಬಿಣದ ಕುರ್ಚಿ ಮಾತ್ರ ಬಿಚ್ಚಿದಂತೆಯೇ ಬಾಗಿಲ ಪಕ್ಕದಲ್ಲಿದೆ. ನಾನು ಸಂಜೆ ಕಚೇರಿಯಿಂದ ಬಂದು ನಿಂತುಕೊಂಡೇ ಚಹಾ ಕುಡಿಯುತ್ತೇನೆ. “ಖಾಲಿ ಐತಲ್ರಿ, ಕುಂಡ್ರಬಾರದ?” ಎಂದು ಗಿರಿಜೆ ದಿನವೂ ಕೇಳುತ್ತಾಳೆ. ದೆವ್ವಗಿವ್ವ ಎಂಬುದನ್ನು ನಾನು ನಂಬುವವನಲ್ಲ ಎಂದು ಓದುಗರಿಗೆ ಸ್ಪಷ್ಟಪಡಿಸಬೇಕು. ಅಷ್ಟು ವರ್ಷ ನಿಂತವರನ್ನು ಏಳಿಸುವುದು ಹೇಗೆಂಬ ಸಂಕೋಚ, ಅಷ್ಟೆ.