ಏರ್ ಹಿಡಿದ ಪಿಕಪ್ಪು

ಗಾಡಿ ರಿಪೇರಿ ಕಲಿಯೋಕೆ ನನಗೆ ನಾಲ್ಕು ವರ್ಷ ಸಾಕಾಯ್ತು. ಗಾಡಿ ತಂದವರನ್ನ ಅರ್ಥ ಮಾಡ್ಕೊಳ್ಳೋದು, ಶಿಕಾರಿಪುರದಲ್ಲಿ ಗ್ಯಾರೇಜ್ ಇಟ್ಟು ಇಪ್ಪತ್ತು ವರ್ಷವಾದರೂ ಮುಗಿದಿಲ್ಲ. ಹೋದ ವರ್ಷವಂತೂ ಒಂದೇ ಡೀಸೆಲ್ ಪಿಕಪ್ಪು ನನ್ನನ್ನ ಮೂರು ಸಲ ಪೆಚ್ಚು ಮಾಡಿತು. ಅದರ ಮಾಲೀಕ ಆನವಟ್ಟಿ ಕಡೆಯವನು. ಶುಂಠಿ ಸಾಗಿಸುತ್ತಾನೆ, ಮೂವತ್ತು ದಾಟಿದೆ, ಮದುವೆ ಆಗಿರಲಿಲ್ಲ. ಗಾಡಿ ರಸ್ತೆ ಮೇಲೆ ಚೆನ್ನಾಗೇ ಓಡೋದು. ನಿಲ್ಲಿಸಿ ಎಕ್ಸಲೇಟರ್ ಬಿಟ್ಟರೆ ಮಾತ್ರ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗೋದು, ಇನ್ನೇನು ಆಫ್ ಆಯ್ತು ಅನ್ನಿಸೋದು.

ಫೋನಿನಲ್ಲಿ ಪರೀಕ್ಷೆ

ಮೊದಲು ಫೋನ್ ಮಾಡಿದ. ನಾನು ದೊಡ್ಡ ಡಾಕ್ಟರ ಹಾಗೆ, "ಸ್ಟಾರ್ಟ್ ಮಾಡಿ ಫೋನನ್ನ ಬಾನೆಟ್ ಹತ್ರ ಹಿಡಿ" ಅಂದೆ. ಕಣ್ಣು ಮುಚ್ಚಿ ಕೇಳಿದೆ. ಟಕ್ ಟಕ್ ಟಕ್ ಅಂತ ಒಂದೇ ಸಮನೆ ಸದ್ದು.

"ಗಡಿಯಾರದ ಹಾಗೆ ಓಡ್ತಿದೆಯಲ್ಲೋ. ಎಲ್ಲಾ ನಿನ್ನ ಭ್ರಮೆ."

"ಅದು ಪಕ್ಕದ ಹಿಟ್ಟಿನ ಗಿರಣಿ ಅಣ್ಣ. ನನ್ನ ಗಾಡಿ ಆಗಲೇ ಆಫ್ ಆಯ್ತು."

ಬಾಣಂತಿ

ಮಾರನೇ ದಿನ ಗಾಡಿಯನ್ನೇ ತಂದ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದೆ. ಒಂದು ಇಲಿ ಚಂಗನೆ ಹಾರಿ ನನ್ನ ಸಾಮಾನಿನ ಸಂದಿಗೆ ಹೋಯ್ತು. ಒಳಗೆ ಗೋಣಿ ನಾರಿನ ಗೂಡು, ಅದರಲ್ಲಿ ನಾಲ್ಕು ಕೆಂಪು ಮರಿ. ಇಂಜಿನ್ನಿಗೆ ಗಾಳಿ ಹೋಗೋ ದಾರಿಯಲ್ಲೇ ಸಂಸಾರ.

ಎಸೆಯೋಕೆ ಕೈ ಹಾಕಿದೆ. ಅವನು ನನ್ನ ಕೈ ಹಿಡಿದ. "ಇನ್ನೂ ಕಣ್ಣು ಬಿಟ್ಟಿಲ್ಲ ಅಣ್ಣ."

ಸರಿ, ಗೂಡನ್ನ ಹಾಗೇ ಒಂದು ಮೂಲೆಯಲ್ಲಿಟ್ಟೆ. ಹೊಸ ಫಿಲ್ಟರ್ ಹಾಕಿದ ಮೇಲೆ ನಡುಕ ಸ್ವಲ್ಪ ಕಮ್ಮಿಯಾಯ್ತು, ಅವನು ಹೋದ. ಆಮೇಲೆ ದಿನಾ ಫೋನು. ಗಾಡಿ ಬಗ್ಗೆ ಅಲ್ಲ.

"ಕಣ್ಣು ಬಿಟ್ವಾ ಅಣ್ಣ?"

ಎರಡು ವಾರ ಆದಮೇಲೆ ಹೇಳಿದೆ: "ಬಿಟ್ವು ಮಾರಾಯ. ನನ್ನ ಗ್ಯಾರೇಜಿನ ವೈರು ಕಡಿಯೋಕೂ ಶುರು ಮಾಡಿದ್ವು."

ಹೆಣ್ಣು ನೋಡಿದ್ದು

ನಡುಕ ಮತ್ತೆ ಬಂತು. ಡೀಸೆಲ್ ಫಿಲ್ಟರ್ ಬದಲಿಸಿದೆ, ಇಂಜೆಕ್ಟರ್ ಕ್ಲೀನ್ ಮಾಡಿಸಿದೆ, ಜಗ್ಗಲಿಲ್ಲ. ಅಷ್ಟರಲ್ಲಿ ಅವನು ಬಂದು ಸಣ್ಣ ದನಿಯಲ್ಲಿ ಹೇಳಿದ, "ನಾಳೆ ಗುಡವಿ ಹತ್ರ ಹೆಣ್ಣು ನೋಡೋಕೆ ಹೋಗ್ಬೇಕು. ಈಗಾಗಲೇ ಮೂರು ಕಡೆ ಬೇಡ ಅಂದಿದ್ದಾರೆ. ಇದೂ ತಪ್ಪಿದ್ರೆ ಅಮ್ಮನ ಮುಖ ನೋಡೋಕಾಗಲ್ಲ."

ನನಗೂ ಸಂಕಟವಾಯ್ತು. ಬೇರೆ ದಾರಿ ತೋಚದೆ, "ಎಕ್ಸಲೇಟರ್ ಮೇಲಿಂದ ಕಾಲು ತೆಗೀಬೇಡ. ಆಫ್ ಆದ್ರೆ ಮತ್ತೆ ಸ್ಟಾರ್ಟ್ ಆಗುತ್ತೆ ಅಂತ ಹೇಳಲಾರೆ" ಅಂದೆ.

ಪುಣ್ಯಾತ್ಮ ಅಕ್ಷರಶಃ ಪಾಲಿಸಿದ. ಹೆಣ್ಣಿನ ಮನೆ ಮುಂದೆ ಅಮ್ಮ, ಸೋದರಮಾವ ಇಳಿದು ಒಳಗೆ ಹೋದರು. ಇವನು ಇಳೀಲಿಲ್ಲ. ಹುಡುಗಿಯ ಅಪ್ಪ ಬಂದು "ಒಳಗೆ ಬರ್ರಿ" ಅಂದರೆ, "ಬರ್ತೀನ್ರಿ, ನೀವು ನಡೀರಿ" ಅಂದ. ಗಾಡಿ ಕೆಟ್ಟಿದೆ ಅನ್ನೋಕೆ ನಾಚಿಕೆಯಾಗಿ ಅಲ್ಲೇ ಕೂತ. ಅರ್ಧ ಗಂಟೆಯಾಯ್ತು. ಒಳಗೆ ಗುಸುಗುಸು: ಹುಡುಗನ ಕಾಲಲ್ಲಿ ಏನೋ ಐಬಿದೆ, ಅದಕ್ಕೇ ಇಳೀತಿಲ್ಲ. ಅವನಮ್ಮನಿಗೆ ಅಳುವೇ ಬಂತಂತೆ.

ಕೊನೆಗೆ ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಗಾಡಿ ಹತ್ತಿರವೇ ಬಂದಳು.

"ಕಾಲಿಗೇನಾಗಿದೆ?"

"ಕಾಲಿಗೇನಿಲ್ಲ. ಕಾಲು ತೆಗೆದ್ರೆ ಗಾಡಿ ಆಫ್ ಆಗುತ್ತೆ. ಮೆಕ್ಯಾನಿಕ್ ಅಣ್ಣ ತೆಗೀಬೇಡ ಅಂದಿದ್ದಾರೆ."

ಅವಳು ತಟ್ಟೆಯನ್ನ ಅವನ ಕೈಗೆ ಕೊಟ್ಟು ಸ್ವಲ್ಪ ಹೊತ್ತು ಕಿವಿಗೊಟ್ಟಳು. "ಏರ್ ಹಿಡಿದಿದೆ. ನಮ್ಮ ಗದ್ದೆಯ ಡೀಸೆಲ್ ಪಂಪೂ ಹೀಗೇ ಮಾಡುತ್ತೆ. ಆಫ್ ಮಾಡಿ."

"ಮತ್ತೆ ಸ್ಟಾರ್ಟ್ ಆಗದಿದ್ರೆ?"

"ಆಫ್ ಮಾಡಿ. ನಾನಿದ್ದೀನಿ."

ಬಾನೆಟ್ ಎತ್ತಿ ಡೀಸೆಲ್ ಪೈಪಿನ ಉದ್ದಕ್ಕೂ ಬೆರಳು ಆಡಿಸಿದಳು. ಒಂದು ಕಡೆ ಕ್ಲಿಪ್ ಸಡಿಲವಾಗಿ, ಅಲ್ಲಿಂದ ಪೈಪಿನೊಳಗೆ ಗಾಳಿ ಸೇರುತ್ತಿತ್ತು. ಸ್ಕ್ರೂಡ್ರೈವರಿನಲ್ಲಿ ಬಿಗಿ ಮಾಡಿ, ಡೀಸೆಲ್ ಫಿಲ್ಟರ್ ಮೇಲಿನ ಕೈಪಂಪ್ ಒತ್ತಿ ಗಾಳಿ ಹೊರಗೆ ಬಿಟ್ಟಳು. ಸ್ಟಾರ್ಟ್ ಮಾಡಿದರೆ ಇಂಜಿನ್ ಒಂದು ಚೂರೂ ನಡುಗಲಿಲ್ಲ. ಆಗಲೇ ಇವನು ಎಕ್ಸಲೇಟರ್ ಮೇಲಿಂದ ಕಾಲು ತೆಗೆದು, ತಟ್ಟೆ ಹಿಡಿದು ಕೆಳಗೆ ಇಳಿದದ್ದು.

ಮರುದಿನ ಪೇಡ ತಂದು ಇದನ್ನೆಲ್ಲ ಹೇಳಿದ. ಹುಡುಗಿ ಒಪ್ಪಿದ್ದಳು. ಖುಷಿಯಾಯ್ತು, ಒಳಗೊಳಗೆ ನಾಚಿಕೆಯೂ ಆಯ್ತು. ಡೀಸೆಲ್ ಫಿಲ್ಟರ್ ಬದಲಿಸುವಾಗ ಆ ಕ್ಲಿಪ್ ಬಿಚ್ಚಿ ಹಾಕಿದವನು ನಾನೇ, ಅದು ಸಡಿಲ ಅಂತ ಗೊತ್ತೇ ಆಗಿರಲಿಲ್ಲ. ಮಾತು ತಪ್ಪಿಸೋಕೆ, "ಅಷ್ಟು ಜಾಣೆ ನಿನ್ನಲ್ಲಿ ಏನು ನೋಡಿ ಒಪ್ಪಿದಳೋ?" ಅಂತ ಕೇಳಿದೆ.

ಅವನು ಪೇಡದ ಡಬ್ಬಿ ನೋಡುತ್ತಾ ಹೇಳಿದ: "ನಾನೂ ಅದನ್ನೇ ಕೇಳಿದೆ ಅಣ್ಣ. 'ಏನೂ ಗೊತ್ತಾಗದ ಮೆಕ್ಯಾನಿಕ್ ಮಾತಿಗೇ ಅರ್ಧ ಗಂಟೆ ಕಾಲು ತೆಗೀದೆ ಕೂತವರು, ಹೆಂಡತಿ ಮಾತು ಮೀರ್ತೀರಾ?' ಅಂದ್ಲು."