ಬದರೀನಾಥನ ಆಂಪ್ಲಿಫೈಯರಿಗೆ ಗಂಟಲು ಕಟ್ಟಿದ್ದು

ಆರ್.ಟಿ. ನಗರದ ಗುಮಾಸ್ತ ಬದರೀನಾಥನ ಗಿಟಾರಿಗೆ ಒಂದೇ ಒಂದು ದೋಷವಿತ್ತು. ಅದರ ದನಿ ತೀರಾ ಸಭ್ಯವಾಗಿತ್ತು. ತಪ್ಪು ಗಿಟಾರಿನದಲ್ಲ, ಹಳೆಯ ವಾಲ್ವ್ ಆಂಪ್ಲಿಫೈಯರಿನದು ಎಂದು ಅವನೇ ತೀರ್ಪು ಕೊಟ್ಟುಕೊಂಡಿದ್ದ. ಯಶವಂತಪುರದ ಗಣೇಶನ ಪೆಂಡಾಲಿನಲ್ಲಿ ಮುಜಫ್ಫರ್ ಸಾಹೇಬರ ಆರ್ಕೆಸ್ಟ್ರಾ ಕೇಳಿದಾಗಿನಿಂದ ಅವನಿಗೆ ನೆಮ್ಮದಿಯಿಲ್ಲ. ಅಲ್ಲಿನ ಗಿಟಾರ್ ನೆಗಡಿಯಾದ ಹುಲಿಯ ಹಾಗೆ ಗುರ್ರೆನ್ನುತ್ತಿತ್ತು. ದನಿಯೆಂದರೆ ಅದು!

ಆ ಆರ್ಕೆಸ್ಟ್ರಾ ಸೇರಲೇಬೇಕೆಂದು ಹಟ ಹಿಡಿದು ಸಾಹೇಬರ ಬೆನ್ನುಬಿದ್ದ. ಕಾಟ ತಡೆಯಲಾರದೆ ಅವರು, ಭಾನುವಾರ ಸಂಜೆ ಐದಕ್ಕೆ ಮನೆಗೇ ಬಂದು ಕೇಳುವುದಾಗಿ ಒಪ್ಪಿದರು.

ಭಾನುವಾರ ಬೆಳಿಗ್ಗೆಯೇ ಬದರಿ ಆಂಪ್ಲಿಫೈಯರಿನ ಹೊಟ್ಟೆ ಬಿಚ್ಚಿದ. ಎಸ್.ಪಿ. ರಸ್ತೆಯ ಅಂಗಡಿಯಿಂದ ತಂದ ಕಂಡೆನ್ಸರೆಂಬ ಬಿಡಿಭಾಗಗಳನ್ನು ಬೆಸುಗೆ ಹಾಕಿದರೆ ದನಿ ಒಡೆದು ಗುರುಗುಟ್ಟುತ್ತದೆಂದು ಯಾರೋ ಹೇಳಿದ್ದರು. ಪ್ಲಗ್ ಕಿತ್ತಿದ್ದರೂ ಒಳಗೆ ಉಳಿದಿದ್ದ ಕರೆಂಟು ಅವನನ್ನು ಎತ್ತಿ ಗೋಡೆಗೆ ಒರಗಿಸಿತು. ಸುಧಾರಿಸಿಕೊಂಡು ಮತ್ತೆ ಕೂತ. ಅಂಗಿಯ ತೋಳು ಸುಟ್ಟಿತು. ಮಧ್ಯಾಹ್ನ ಹನ್ನೆರಡಕ್ಕೆ ತಂತಿ ಮೀಟಿದರೆ, ಗುರ್ರ್ರ್! ಬದರಿಗೆ ಕುಣಿದಾಡುವಷ್ಟು ಸಂತೋಷವಾಯಿತು.

ಎದುರುಮನೆಯ ಅಲಮೇಲು ಓಡಿಬಂದರು. "ಏನ್ರೀ ಬದರಿ, ಮಿಕ್ಸಿಯೊಳಗೆ ಚಮಚ ಬಿತ್ತಾ?"

"ಅದು ಗಿಟಾರ್ ಕಣ್ರೀ!"

"ಅಯ್ಯೋ ಪಾಪ! ವಾಸಿಯಾಗುತ್ತೆ, ಯೋಚ್ನೆ ಮಾಡ್ಬೇಡಿ."

ಮನೆಯ ಒಡತಿ ಮುನಿನಾರಾಯಣಮ್ಮ ಅಷ್ಟಕ್ಕೆ ಬಿಡುವವರಲ್ಲ. "ನಿನ್ನೆಗಂಟ ಎಷ್ಟ್ ಚೆಂದಾಗಿತ್ತಪ್ಪ! ಯಾವ ಪಾಪಿ ಕಣ್ಣು ಬಿತ್ತೋ," ಎಂದು ಒಣಮೆಣಸಿನಕಾಯಿ, ಉಪ್ಪು ತಂದು ಆಂಪ್ಲಿಫೈಯರಿಗೆ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದರು. ಇಡೀ ಮನೆ ಕೆಮ್ಮಿತು. ಆಂಪ್ಲಿಫೈಯರ್ ಮಾತ್ರ ಗುರ್ರೆನ್ನುತ್ತಲೇ ಇತ್ತು.

ನಾಲ್ಕೂವರೆಗೆ ಬದರಿ ಸಾಹೇಬರನ್ನು ಕರೆತರಲು ಬಸ್ ಸ್ಟಾಪಿಗೆ ಹೋದ. ಬಸ್ಸು ಮುಕ್ಕಾಲು ಗಂಟೆ ತಡವಾಗಿ ಬಂತು. ಮನೆಗೆ ಬಂದು, ಸಾಹೇಬರನ್ನು ಕುರ್ಚಿಯಲ್ಲಿ ಕೂರಿಸಿ, ಎದೆಯುಬ್ಬಿಸಿ ತಂತಿ ಮೀಟಿದ.

ಜೇನು ಸುರಿದಂತೆ ಇಂಪಾದ ನಾದ ಹೊಮ್ಮಿತು. ಬದರಿಯ ಮುಖ ಬಿಳುಚಿಕೊಂಡಿತು.

ಕಾಫಿ ತಂದ ಮುನಿನಾರಾಯಣಮ್ಮ ಅವನ ಕಿವಿಯಲ್ಲಿ ಪಿಸುಗುಟ್ಟಿದರು. "ಎಬ್ಬಾಳದಿಂದ ನನ್ ತಮ್ಮ ಚಿಕ್ಕಬೈರಪ್ಪನ್ನ ಕರ್ಸಿ ರಿಪೇರಿ ಮಾಡಿಸ್ದೆ ಕಣಪ್ಪ. ಅವ್ನು ಮೈಕ್ ಸೆಟ್ ಇಟ್ಟವ್ನೆ."

ಭೂಮಿ ಬಾಯಿ ಬಿಡಬಾರದೇ ಎನಿಸಿತು ಬದರಿಗೆ. ಆದರೆ ಸಾಹೇಬರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

"ವಾಹ್! ದನಿ ಅಂದ್ರೆ ಇದು! ಹಬ್ಬದಲ್ಲಿ ನಮ್ಮ ಸ್ಪೀಕರ್ ಹರಿದುಹೋಗಿ ಬರೀ ಗುರ್ ಗುರ್ ಅಂತಿತ್ತು ಭಾಯ್. ಯಶವಂತಪುರದಲ್ಲಿ ಜನ ಬೈದು ಕಳಿಸಿದ್ರು. ಇದನ್ನ ಇಷ್ಟು ಚೆನ್ನಾಗಿ ಮಾಡಿದ್ದು ಯಾರು?"

ಅದೃಷ್ಟ ತಾನಾಗಿ ಬಾಗಿಲಿಗೆ ಬಂದಿರುವಾಗ ಸತ್ಯ ಹಿಡಿದು ಕೂರಲು ಬದರಿಯೇನು ಹುಚ್ಚನೇ? "ನಾನೇ ಸಾಹೇಬ್ರೇ. ಬೆಳಿಗ್ಗೆಯಿಂದ ಕೂತು ಸರಿಮಾಡ್ದೆ. ನೋಡಿ, ತೋಳು ಸುಟ್ಟಿದೆ."

"ಶಭಾಷ್! ಇವತ್ತಿಂದ ನೀವು ನಮ್ಮ ಆರ್ಕೆಸ್ಟ್ರಾದವರು!"

ಬದರಿ ಕಾಲಿಗೆ ಬೀಳುವುದೊಂದು ಬಾಕಿ.

"ಗಿಟಾರು ನಮ್ಮ ಅಕ್ಕನ ಮಗನೇ ಬಾರಿಸ್ತಾನೆ, ಅವನನ್ನ ಬಿಡಿಸೋಕಾಗುತ್ತಾ? ನೀವು ಸ್ಟೇಜ್ ಹಿಂದೆ ಕೂತು ಮೈಕು, ಆಂಪ್ಲಿಫೈಯರ್ ನೋಡ್ಕೊಳ್ಳಿ. ನಮ್ಮ ಸೆಟ್ಟೆಲ್ಲ ನಾಳೆ ಕಳಿಸ್ತೀನಿ. ಶುಕ್ರವಾರ ಪ್ರೋಗ್ರಾಂ ಇದೆ, ಅಷ್ಟರಲ್ಲಿ ಎಲ್ಲಾನೂ ಹೀಗೇ ಮಾಡ್ಕೊಡಿ," ಎಂದು ಬೆನ್ನು ತಟ್ಟಿ ಸಾಹೇಬರು ಹೊರಟೇಬಿಟ್ಟರು.

ಬದರಿ ಸ್ವಲ್ಪ ಹೊತ್ತು ಗಿಟಾರು ಅಪ್ಪಿಕೊಂಡು ಕೂತ. ಆಮೇಲೆ ಮನಸ್ಸು ತಾನಾಗಿಯೇ ಹಗುರಾಯಿತು. ಆರ್ಕೆಸ್ಟ್ರಾಕ್ಕಂತೂ ಸೇರಿಯಾಯಿತು. ಸ್ಟೇಜಿನ ಹಿಂದಿನಿಂದ ಮುಂದಕ್ಕೆ ಎಷ್ಟು ದೂರ, ಹತ್ತು ಹೆಜ್ಜೆ. ಅಕ್ಕನ ಮಗನಿಗೂ ಒಂದು ದಿನ ಜ್ವರ ಬಾರದೇ? ರಿಪೇರಿ ಕಲಿತುಬಿಟ್ಟರೆ ಸಾಕು, ಗುರುವಂತೂ ಹಿತ್ತಲಲ್ಲೇ ಉಪ್ಪಿಟ್ಟು ತಿನ್ನುತ್ತಾ ಕೂತಿದ್ದಾನೆ.

ಬದರಿ ಹಿತ್ತಲಿಗೆ ಓಡಿ ಕೈಮುಗಿದ. "ಚಿಕ್ಕಬೈರಪ್ಪನವರೇ, ಆಂಪ್ಲಿಫೈಯರಿಗೆ ಅಂಥ ದನಿ ಬರೋಕೆ ಏನ್ ಮಾಡಿದ್ರಿ? ದಯವಿಟ್ಟು ನಂಗೂ ಹೇಳ್ಕೊಡಿ."

"ನಾನೇನ್ ಮಾಡ್ದೆ ಬುಡಿ ಸ್ವಾಮಿ," ಎಂದ ಚಿಕ್ಕಬೈರಪ್ಪ ಕೈ ನೆಕ್ಕುತ್ತಾ. "ಯಾವನೋ ತಲೆಕೆಟ್ಟೋನು ಒಳ್ಳೇ ಸೆಟ್ಟಿಗೆ ಏನೇನೋ ಅಂಟಿಸಿದ್ದ. ಅದ್ನೆಲ್ಲ ಕಿತ್ತಾಕ್ದೆ, ಅಷ್ಟೇಯ."