ಮದುವೆ ಊಟದಲ್ಲಿ ಪಾಳಿಶಾಸ್ತ್ರ

ಕಾಯುವುದರಲ್ಲಿ ನಮ್ಮ ಜನರಿಗಿರುವ ಪ್ರತಿಭೆ ಇನ್ನಾವುದರಲ್ಲೂ ಇಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಇದು ಸುಮ್ಮನೆ ಕಟ್ಟೆಯ ಮೇಲೆ ಕುಳಿತು ಆಡಿದ ಮಾತಲ್ಲ. ಶಿಗ್ಗಾಂವದ ಹತ್ತಿರ, ಹೆದ್ದಾರಿಯ ಪಕ್ಕದ ಒಂದು ಬಿಸಿನೆಸ್ ಸ್ಕೂಲಿನಲ್ಲಿ ಆಪರೇಶನ್ಸ್, ಅಂದರೆ ಕೆಲಸಗಳು ತಡೆಯಿಲ್ಲದೆ ಸಾಗುವಂತೆ ಮಾಡುವ ವಿದ್ಯೆ, ಕಲಿಸುವವನು ನಾನು. ನನ್ನ ಸಂಶೋಧನೆಯ ವಿಷಯವೇ ಪಾಳಿ. ಜನ ಎಲ್ಲಿ, ಯಾಕೆ ಸಾಲುಗಟ್ಟುತ್ತಾರೆ, ಕಟ್ಟದಂತೆ ಮಾಡುವುದು ಹೇಗೆ ಎಂಬುದು. ಸವಣೂರಿನ ಬಸ್‌ಸ್ಟ್ಯಾಂಡು, ಹಾನಗಲ್ಲಿನ ದವಾಖಾನೆ, ಹಿರೇಕೆರೂರಿನ ಬ್ಯಾಂಕು, ಹೀಗೆ ಎಲ್ಲೆಡೆ ಯಾವ ಕೆಲಸವೂ ಇಲ್ಲದೆ ಸಾಲಿನಲ್ಲಿ ನಿಂತು, ಪಾಳಿ ಬಂದಕೂಡಲೇ ಮತ್ತೆ ಹಿಂದೆ ಹೋಗಿ ನಿಂತಿದ್ದೇನೆ. ಬ್ಯಾಂಕಿನ ಕಾವಲುಗಾರ ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು, "ಸಾಹೇಬ್ರ, ಮನ್ಯಾಗ ಏನರ ತ್ರಾಸ ಐತೇನ್ರಿ?" ಎಂದು ಮೆಲ್ಲಗೆ ವಿಚಾರಿಸಿದ್ದ.

ನಮ್ಮ ವಿಭಾಗದಲ್ಲಿ ನನ್ನ ಸಂಶೋಧನೆಗೆ ದೊಡ್ಡ ಮರ್ಯಾದೆಯೇನೂ ಇಲ್ಲ. ಫೈನಾನ್ಸ್ ಕಲಿಸುವ ಸಹೋದ್ಯೋಗಿಯ ಪ್ರಕಾರ ಬಡ್ಡಿ ಹುಟ್ಟದ ವಿಷಯ ವಿಷಯವೇ ಅಲ್ಲ. ಮ್ಯಾನೇಜ್‌ಮೆಂಟ್ ಕಲಿಸುವ ಮೇಡಂ ಅವರದು ಇನ್ನೊಂದು ತಕರಾರು. "ಸರ್, ಪಾಳಿಯೊಳಗ ನಿಂತಾವರು ಮನುಷ್ಯಾರು ಅನ್ನೋದು ನಿಮಗ ನೆನಪೈತೇನ್ರಿ?" ಎಂದು ಅವರು ಚಹಾದ ಹೊತ್ತಿನಲ್ಲಿ ಕೇಳುತ್ತಿರುತ್ತಾರೆ. ನೆನಪಿಲ್ಲದೆ ಏನು? ಆದರೆ ಲೆಕ್ಕದಲ್ಲಿ ಮನುಷ್ಯನನ್ನು ಒಂದು ಚುಕ್ಕೆ ಮಾಡಿಕೊಳ್ಳದಿದ್ದರೆ ಕೆಲಸ ಸಾಗುವುದಿಲ್ಲ. ಚುಕ್ಕೆಗೆ ಸಿಟ್ಟು ಬರುವುದಿಲ್ಲ, ಚುಕ್ಕೆ ನಡುವೆ ಎದ್ದು ಎಲೆಯಡಿಕೆ ಹುಡುಕಿಕೊಂಡು ಹೋಗುವುದಿಲ್ಲ.

ನನ್ನ ವಿದ್ಯೆಯನ್ನು ಮೊಟ್ಟಮೊದಲು ಗುರುತಿಸಿದವನು ಹತ್ತಿಮತ್ತೂರಿನ ಶೇಖರಪ್ಪ ಮಾಮಾ, ಅವ್ವನ ತಮ್ಮ. ಮಗಳು ಸವಿತಾಳ ಮದುವೆ ಗೊತ್ತಾದಾಗ ಮನೆಗೆ ಬಂದು, "ಊಟದ ಕೆಲಸ ನೀ ನೋಡ್ಕೋಬೇಕಪ. ನೀ ಅದನ್ನ ಓದೀ ಅಂತಲ್ಲ?" ಎಂದ. ನಮ್ಮ ಕಡೆಯ ಮದುವೆ ಊಟವನ್ನು ನೀವು ಬಲ್ಲಿರಿ. ಒಬ್ಬ ಹುಗ್ಗಿ ಉಣ್ಣುತ್ತಿರುವಾಗಲೇ ಅವನ ಕುರ್ಚಿಯ ಹಿಂದೆ ಇನ್ನೊಬ್ಬ ಬಂದು ನಿಂತು, ಅವನ ತುತ್ತು ಎಣಿಸುತ್ತಿರುತ್ತಾನೆ. ಅದನ್ನು ನಿಲ್ಲಿಸಿಯೇ ತೀರುತ್ತೇನೆಂದು ನಾನು ಎದೆ ತಟ್ಟಿಕೊಂಡೆ. "ಮಾಮಾ, ನೀವು ಚಿಂತಿ ಬಿಡ್ರಿ. ಒಬ್ಬರೂ ಕಾಯೂದಿಲ್ಲ." ಒಳಗಿದ್ದ ನನ್ನ ಹೆಂಡತಿ ಗಿರಿಜಾ, "ಮೊದಲು ನಮ್ಮನಿ ಬಚ್ಚಲದ ಪಾಳಿ ನೋಡ್ರಿ," ಎಂದದ್ದು ಮಾಮಾನಿಗೆ ಕೇಳಿಸಲಿಲ್ಲವೆಂದುಕೊಂಡಿದ್ದೇನೆ.

ಮದುವೆಯ ದಿನ ಊಟದ ಪೆಂಡಾಲಿಗೆ ಎರಡು ಬಾಗಿಲು ಮಾಡಿಸಿದೆ: ಒಂದು ಒಳಗೆ ಬರಲು, ಇನ್ನೊಂದು ಹೊರಗೆ ಹೋಗಲು. ಬೀಗರಿಗೆ ಹಳದಿ ಚೀಟಿ, ಊರವರಿಗೆ ಹಸಿರು, ಬಣ್ಣದ ಪ್ರಕಾರ ಕರೆ. ಹೇಳಿದರೆ ಜಂಭವಾದೀತು, ಆದರೂ ಹೇಳುತ್ತೇನೆ: ಕೆಲಸ ನೀರು ಹರಿದಂತೆ ಹರಿಯಿತು. ಯಾರೂ ಯಾರ ಬೆನ್ನ ಹಿಂದೆಯೂ ನಿಲ್ಲಲಿಲ್ಲ, ಯಾರ ಸೀರೆಯ ಮೇಲೂ ಸಾರು ಬೀಳಲಿಲ್ಲ. ಉಂಡವರು ಇನ್ನೊಂದು ಬಾಗಿಲಿಂದ ಹೊರಬಿದ್ದು, ತಮಗೆ ತಾವೇ ಆಶ್ಚರ್ಯಪಡುತ್ತ ಬಸ್ಸಿನ ಕಡೆ ನಡೆದರು. ನಾನು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದೆ.

ಆಗ ಮಾಮಾ ಬೆವರುತ್ತ ಓಡಿಬಂದ. "ಏನ ಮಾಡಿದ್ಯೋ ನೀ! ಮದುವಿ ಕೆಡಿಸಿದ್ಯಲ್ಲೋ!"

"ಯಾಕ್ರಿ ಮಾಮಾ? ಅನ್ನ ಕಡಿಮಿ ಬಿತ್ತೇನ್ರಿ?"

"ಅನ್ನದ ಮಾತಲ್ಲೋ. ನಿಮ್ಮವ್ವ, ನಿಮ್ಮ ದೊಡ್ಡವ್ವ ಇಬ್ಬರೂ ಬಂದಾರ. ಊಟಕ್ಕ ನೂಕುನುಗ್ಗಲ ಆಗತೈತಿ, ಒಬ್ಬರ ಮ್ಯಾಲೊಬ್ಬರು ಬೀಳ್ತಾರ, ಬಿದ್ದ ಮ್ಯಾಲೆ ಮಾತಾಡಲೇಬೇಕಲ್ಲ ಅಂತ ನಾ ನಂಬಿಕೊಂಡಿದ್ದೆ. ನೀ ನೂಕುನುಗ್ಗಲಾನ ಇಲ್ಲದಂಗ ಮಾಡಿದಿ!"

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಅವ್ವ ಮತ್ತು ಹಾನಗಲ್ಲಿನ ದೊಡ್ಡವ್ವ ಒಡಹುಟ್ಟಿದವರು. ಕೆಲವು ವರ್ಷಗಳ ಹಿಂದೆ ಇಬ್ಬರೂ ಸೀರೆ ಕೊಳ್ಳಲು ಹುಬ್ಬಳ್ಳಿಗೆ ಹೊರಟಿದ್ದರು. ಬಸ್ಸಿನ ಕಿಟಕಿಯಿಂದ ದೊಡ್ಡವ್ವ ಒಂದು ಸೀಟಿಗೆ ಟವೆಲ್ ಎಸೆದಳು. ಮೊದಲು ಹತ್ತಿದ ಅವ್ವ, ಅದು ಯಾರೋ ಮರೆತು ಹೋದ ಟವೆಲ್ ಎಂದುಕೊಂಡು ಅದನ್ನು ಕಂಡಕ್ಟರನಿಗೆ ಒಪ್ಪಿಸಿ, ಸೀಟನ್ನು ಒಬ್ಬ ಬಸುರಿಗೆ ಬಿಟ್ಟುಕೊಟ್ಟಳು. ದೊಡ್ಡವ್ವ ಹುಬ್ಬಳ್ಳಿಯವರೆಗೆ ನಿಂತುಕೊಂಡೇ ಹೋದಳು. ಒಡಹುಟ್ಟಿದ ತಂಗಿ ತನ್ನ ಟವೆಲಿನ ಗುರುತು ಹಿಡಿಯಲಿಲ್ಲವಲ್ಲ ಎಂಬ ನೋವು ಕಾಲುನೋವಿಗಿಂತ ಹೆಚ್ಚಾಗಿ, ಅಂದಿನಿಂದ ಮಾತು ನಿಂತಿತ್ತು.

"ಇನ್ನ ಮನೀ ಮಂದಿ ಪಂಕ್ತಿ ಒಂದ ಉಳದೈತಿ," ಮಾಮಾ ಬೆವರು ಒರೆಸಿಕೊಂಡ. "ಉಂಡ ಕೂಡ್ಲೆ ಹಾನಗಲ್ ಗಾಡಿ ಬಿಡತೈತಿ. ದೊಡ್ಡಕ್ಕ ಹೋದ್ಲಂದ್ರ ಹೋದ್ಲು. ಇನ್ನ ನನ್ನ ಮನ್ಯಾಗ ಮದುವಿ ಯಾವುದೈತಿ?"

ಪಾಳಿ ಕರಗಿಸುವುದನ್ನು ಕಲಿತವನಿಗೆ ಅದನ್ನು ಹುಟ್ಟಿಸುವುದು ಬರುವುದಿಲ್ಲವೇ? ನೆಟ್ಟಗೆ ಒಲೆಯ ಹತ್ತಿರ ಹೋಗಿ, "ಅಯ್ಯಾರ, ಅನ್ನ ಇನ್ನೂ ಆಗಿಲ್ಲ ಅನ್ರಿ," ಎಂದೆ. ಅಡುಗೆಯ ಅಯ್ಯನವರು, "ಆಗೇತಲ್ರಿ, ಆರಾಕತ್ತೈತಿ!" ಎಂದರು. "ಆರಲಿ ಬಿಡ್ರಿ," ಎಂದು ಬಂದು ಒಳಬಾಗಿಲಿಗೆ ಹಗ್ಗ ಅಡ್ಡ ಕಟ್ಟಿಸಿದೆ. ಹೊರಗಿನ ಕುರ್ಚಿಗಳನ್ನೆಲ್ಲ ಎತ್ತಿಸಿ, ನೆರಳಿನಲ್ಲಿ ಒಂದೇ ಒಂದು ಬೆಂಚು ಉಳಿಸಿದೆ. ಮಾಮಾ ಒಂದು ಕಡೆಯಿಂದ ಅವ್ವನನ್ನು, ಗಿರಿಜಾ ಇನ್ನೊಂದು ಕಡೆಯಿಂದ ದೊಡ್ಡವ್ವನನ್ನು ಕರೆತಂದು ಕೂರಿಸಿದರು. ಇಬ್ಬರೂ ಬೆಂಚಿನ ಎರಡು ತುದಿಗೆ ಸರಿದು, ಒಬ್ಬರು ಬಾವಿ ಕಡೆ, ಒಬ್ಬರು ಬಣವಿ ಕಡೆ ನೋಡುತ್ತ ಕುಳಿತರು. ನಾನು ಕಂಬದ ಹಿಂದೆ ನಿಂತೆ.

ಬಿಸಿಲು ಏರಿತು. ಹುಗ್ಗಿಯ ವಾಸನೆ ಬಂದು ಬಂದು ಹೋಯಿತು. ಬಹಳ ಹೊತ್ತಿನ ಮೇಲೆ ದೊಡ್ಡವ್ವ ಬಣವಿಗೆ ಹೇಳಿದಳು: "ಎಂಥಾ ವ್ಯವಸ್ಥಾನೋ ಏನೋ. ಬಂದ ಮಂದಿ ಎಲ್ಲಾ ಉಂಡು ಹೋತು, ಮನೀ ಮಂದಿ ಇಲ್ಲೆ ಒಣಗಾಕತ್ತೇವಿ."

ಅವ್ವ ಬಾವಿಗೆ ಹೇಳಿದಳು: "ಕಲತಾವರ ಕೈಯಾಗ ಕೊಟ್ರ ಹಿಂಗ ಆಗೂದು."

"ಯಾಂವ ಮಾಡ್ಯಾನ ಇದನ್ನ?"

"ಮತ್ತ ಯಾಂವ? ನನ್ನ ಮಗಾನ."

ದೊಡ್ಡವ್ವ ಪೂರ್ತಿ ಇತ್ತ ತಿರುಗಿದಳು. "ಸಣ್ಣಾಂವಿದ್ದಾಗೂ ಹಂಗ ಇದ್ದ ನೋಡ. ಗೋಲಿ ಆಡೂ ಮುಂದ ಬರೇ ಯಾರ ಮೊದಲ, ಯಾರ ಆಮ್ಯಾಲೆ ಅಂತ ಹೇಳಕೋತ ನಿಲ್ಲತಿದ್ದ. ತಾ ಒಂದಿನ ಆಡ್ಲಿಲ್ಲ."

ಅವ್ವ ನಕ್ಕಳು. ಸೆರಗು ಬಾಯಿಗೆ ಹಚ್ಚಿಕೊಂಡು, ತಡೆಯಲಾರದೆ, ಗಟ್ಟಿಯಾಗಿ ನಕ್ಕಳು. ನಗು ನಿಂತ ಮೇಲೆ, "ಆ ಟವೆಲ್ಲ ನಿಂದಂತ ಖರೇನ ಗೊತ್ತಿರಲಿಲ್ಲಕ್ಕ," ಎಂದಳು.

"ಹೋಗ್ಲಿ ಬಿಡ. ಹರಕ ಟವೆಲ್ಲ ಅದು. ಈಕಡೆ ಸರಿ, ಬಿಸಲಾಗ ಕುಂತೀದಿ."

ನನ್ನ ಕಣ್ಣು ಯಾಕೋ ಮಂಜಾಯಿತು. ಒಲೆಯ ಹೊಗೆ ಇದ್ದೀತು. ಹಗ್ಗ ಬಿಚ್ಚಿಸಿ, "ಏಳ್ರಿ, ಅನ್ನ ಆಗೇತಿ," ಎಂದರೆ ಇಬ್ಬರೂ ಒಟ್ಟಿಗೇ, "ಗಡಿಬಿಡಿ ಏನೈತಿ? ಮಾತಾಡಾಕತ್ತೇವಿ," ಎಂದು ಗದರಿದರು. ಹಾನಗಲ್ ಗಾಡಿ ದೊಡ್ಡವ್ವನನ್ನು ಬಿಟ್ಟೇ ಹೋಯಿತು. ಅವಳು ಶಿಗ್ಗಾಂವಕ್ಕೆ ನಮ್ಮ ಮನೆಗೆ ಬಂದು ನಾಲ್ಕು ದಿನ ಇದ್ದು ಹೋದಳು.

ಆಮೇಲೆ ನಾನು ಪ್ರಬಂಧ ಬರೆದೆ. ಎರಡು ಬಾಗಿಲಿನ ಲೆಕ್ಕವೆಲ್ಲ ಚೆನ್ನಾಗಿಯೇ ಬಂತು. ಮ್ಯಾನೇಜ್‌ಮೆಂಟಿನ ಮೇಡಂ ಓದಿ, "ಆ ಬೆಂಚಿನ ವಿಷಯಾನೂ ಬರೀರಿ ಸರ್," ಎಂದರು. ಹೇಗೆ ಬರೆಯಲಿ? ಬಾಗಿಲಿಗೆ ಹಗ್ಗ ಕಟ್ಟಿ, ಆರಿದ ಅನ್ನ ಬಡಿಸಿರಿ ಎಂದು ಶಿಫಾರಸು ಮಾಡಿದರೆ ನನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳುವವರು ಯಾರು?

ಈಗ ಅಕ್ಕತಂಗಿಯರ ನಡುವೆ ದಿನಾಲೂ ಫೋನು. ಸ್ಪೀಕರ್ ಹಾಕಿಕೊಂಡೇ ಮಾತಾಡುವುದರಿಂದ ಎಲ್ಲವೂ ನನಗೆ ಕೇಳಿಸುತ್ತದೆ. ಮೊನ್ನೆ ದೊಡ್ಡವ್ವ ಕೇಳುತ್ತಿದ್ದಳು: "ಅಲ್ಲಬೇ, ನಿನ್ನ ಮಗಗ ಆ ಕಾಲೇಜಿನ್ಯಾಗ ಮಂದೀನ ನಿಂದರ್ಸೂದು ಕೂಡ್ರಸೂದು ಇದಕ್ಕ ಪಗಾರಾನೂ ಕೊಡ್ತಾರೇನ?"

ಅವ್ವ ನನ್ನತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು: "ಕೊಡ್ತಾರಂತ ಅಂವಾ ಹೇಳ್ತಾನವ್ವ."